ದೇವರನ್ನು ಪರೀಕ್ಷಿಸುವ ವೇಗ

ಹೊಸ ವಾಹನ ಕೊಂಡವರು ಅದನ್ನು ಮೊದಲು ದೇವಾಲಯದ ಅಂಗಳಕ್ಕೆ ತರುವುದು ನಮ್ಮಲ್ಲಿ ರೂಢಿ. ಗುರುಗಳು ಪ್ರಾರ್ಥಿಸಿ ತೀರ್ಥ ಸಿಂಪಡಿಸುತ್ತಾರೆ. ಮನೆಯವರು ಕನ್ನಡಿಗೆ ಜಪಮಾಲೆ ತೂಗುಹಾಕಿ, ಮುಂದೆ ಸಂತ ಕ್ರಿಸ್ತೋಫರರ ಚಿಕ್ಕ ಪ್ರತಿಮೆ ಇರಿಸುತ್ತಾರೆ. ಇದು ಒಳ್ಳೆಯ ರೂಢಿಯೇ. ಆದರೆ ಆ ಜಪಮಾಲೆಯ ಭರವಸೆಯಿಂದ ಚಾಲಕನ ಎಚ್ಚರ ಹೆಚ್ಚುತ್ತದೆಯೋ, ಕುಗ್ಗುತ್ತದೆಯೋ?

ಮನೋವಿಜ್ಞಾನಿಗಳೂ ಇಂಥದೇ ಪ್ರಶ್ನೆ ಕೇಳಿದ್ದಾರೆ. ಕೆನಡಾದ ಜೆರಾಲ್ಡ್ ವೈಲ್ಡ್ ಅವರು 1982ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, ತಾನು ಎಷ್ಟು ಅಪಾಯವನ್ನು ಸಹಿಸಬಲ್ಲೆನೆಂಬ ಅಳತೆಯೊಂದು ಪ್ರತಿಯೊಬ್ಬ ಚಾಲಕನ ಮನಸ್ಸಿನಲ್ಲಿರುತ್ತದೆ. ಅಪಾಯ ಕಂಡರೆ ಅವನು ನಿಧಾನಿಸುತ್ತಾನೆ. ಸುರಕ್ಷಿತವೆನಿಸಿದರೆ ಆ ಲಾಭವನ್ನು ವೇಗಕ್ಕೆ ವೆಚ್ಚಮಾಡುತ್ತಾನೆ. 1967ರ ಸೆಪ್ಟೆಂಬರ್ 3ರಂದು ಸ್ವೀಡನ್ ದೇಶವು ರಸ್ತೆಯ ಎಡಬದಿಯ ಸಂಚಾರವನ್ನು ಬಲಬದಿಗೆ ಬದಲಿಸಿತು. ಜನ ಅಂಜಿ ಅಂಜಿ ವಾಹನ ಓಡಿಸಿದರು, ಅಪಘಾತಗಳು ಇಳಿದವು. ಹೊಸದು ರೂಢಿಯಾದಂತೆ ಅವು ಮತ್ತೆ ಏರಿದವು.

ಇದನ್ನು ಕಾಣಲು ಸ್ವೀಡನ್ನಿಗೆ ಹೋಗಬೇಕಿಲ್ಲ. ಖಾಸಬಾಗದ ನೇಕಾರರ ಓಣಿಗಳಲ್ಲಿ, ಯಾವ ಬಾಗಿಲಿನಿಂದ ಮಗು ಓಡಿಬಂದೀತೋ ಎಂದು ಮೆಲ್ಲನೆ ಸಾಗುವ ಯುವಕನೇ ಖಾನಾಪುರದ ಅಗಲವಾದ ಹೆದ್ದಾರಿ ಮುಟ್ಟಿದೊಡನೆ ಬೇರೆ ಮನುಷ್ಯನಾಗಿಬಿಡುತ್ತಾನೆ. ಆ ಹೆದ್ದಾರಿಯ ಅಂಚಿನಲ್ಲಿಯೂ ಊರುಗಳಿವೆ, ಮಕ್ಕಳಿದ್ದಾರೆ.

ವೈಲ್ಡ್ ಅವರ ಮಾತನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಹೆಲ್ಮೆಟ್, ಸೀಟ್ ಬೆಲ್ಟ್ ಜೀವ ಉಳಿಸುತ್ತವೆಂಬುದರಲ್ಲಿ ಸಂಶಯವಿಲ್ಲ. ಕೇಂದ್ರ ಸರಕಾರದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಮಡಿದರು. ಅವರಲ್ಲಿ 50,029 ಮಂದಿ ಹೆಲ್ಮೆಟ್ ಧರಿಸದೆ ದ್ವಿಚಕ್ರ ವಾಹನದಲ್ಲಿದ್ದವರು. ಸಿದ್ಧಾಂತವು ಮನಸ್ಸಿನ ಒಲವನ್ನು ತೋರಿಸುತ್ತದೆಯೇ ಹೊರತು ಅದನ್ನು ಹಣೆಬರಹವೆನ್ನುವುದಿಲ್ಲ. ಒಲವನ್ನು ತಿದ್ದಿಕೊಳ್ಳುವ ಸ್ವಾತಂತ್ರ್ಯವನ್ನು ದೇವರು ನಮಗೆ ಕೊಟ್ಟಿದ್ದಾರೆ.

ನೀತಿಯ ಪ್ರಶ್ನೆ ಇರುವುದು ಇಲ್ಲಿಯೇ. ಚಾಲಕನು ಅಪಾಯವನ್ನು ಅಳೆಯುವುದು ತನ್ನ ಪಾಲಿಗಾಗಿ. ಅದನ್ನು ಹೊರುವವರಲ್ಲಿ ಇತರರೂ ಇರುತ್ತಾರೆ. ರಸ್ತೆ ದಾಟುವ ಅಜ್ಜಿಯನ್ನು, ಹಿಂದೆ ಕುಳಿತ ತಂಗಿಯನ್ನು 'ನಿಮಗೆ ಇಷ್ಟು ಅಪಾಯ ಒಪ್ಪಿಗೆಯೇ?' ಎಂದು ಯಾರೂ ಕೇಳಿರುವುದಿಲ್ಲ. ಆದ್ದರಿಂದಲೇ ಕುಡಿತದಿಂದಲೋ ವೇಗದ ಮೋಹದಿಂದಲೋ ರಸ್ತೆಯಲ್ಲಿ ತಮ್ಮ ಮತ್ತು ಪರರ ಸುರಕ್ಷತೆಗೆ ಕುತ್ತು ತರುವವರು ಗಂಭೀರ ದೋಷಕ್ಕೆ ಒಳಗಾಗುತ್ತಾರೆಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥ ಬೋಧಿಸುತ್ತದೆ. 2007ರಲ್ಲಿ ವ್ಯಾಟಿಕನ್ ಪ್ರಕಟಿಸಿದ ಚಾಲಕರ ದಶಾಜ್ಞೆಗಳಲ್ಲಿ ಮೊದಲನೆಯದು ಕೊಲ್ಲಬಾರದೆಂಬ ಆಜ್ಞೆಯೇ.

ದೇವಾಲಯದ ಗೋಪುರದಿಂದ ಧುಮುಕು, ದೂತರು ಕಾಯುತ್ತಾರೆ ಎಂದು ಸೈತಾನನು ಯೇಸುಸ್ವಾಮಿಯನ್ನು ಶೋಧಿಸಿದನು. ತಂದೆಯಲ್ಲಿ ಪೂರ್ಣ ಭರವಸೆಯಿದ್ದುದರಿಂದಲೇ ಸ್ವಾಮಿ ಧುಮುಕಲಿಲ್ಲ. ಭರವಸೆ ಬೇರೆ, ದೇವರನ್ನು ಪರೀಕ್ಷಿಸುವುದು ಬೇರೆ. ಜಪಮಾಲೆ ತೂಗುವ ವಾಹನವು ತಿರುವಿನಲ್ಲಿ ಮುಂದಿನವರನ್ನು ಹಿಂದಿಕ್ಕಲು ನುಗ್ಗಿದರೆ, ನಾವು ಗೋಪುರದ ತುದಿಯಲ್ಲಿದ್ದೇವೆ.

ಪ್ರಿಯ ತಂದೆತಾಯಂದಿರೇ, ಮಗನ ಕೈಗೆ ಕೀಲಿಕೈ ಕೊಡುವಾಗ ಅವನ ವಯಸ್ಸನ್ನೂ ಪರವಾನಗಿಯನ್ನೂ ನೋಡಿರಿ. ಪಾಪನಿವೇದನೆಗೆ ಸಿದ್ಧರಾಗುವಾಗ ಈ ವಾರ ರಸ್ತೆಯಲ್ಲಿ ಹೇಗೆ ನಡೆದುಕೊಂಡೆವೆಂಬುದನ್ನೂ ಮನಸ್ಸಾಕ್ಷಿಯ ಮುಂದೆ ಇಡೋಣ.