ಉಂಡ ರಕ್ತ, ಉಪವಾಸದ ರಕ್ತ

ಬೆಳಿಗ್ಗೆ ಏಳಕ್ಕೆ ಲ್ಯಾಬಿನ ಬೆಂಚಿನ ಮೇಲೆ ಕೂತವರೆಲ್ಲ ಹಸಿದವರೇ. ರಾತ್ರಿಯ ಊಟದ ನಂತರ ಹತ್ತು ಹನ್ನೆರಡು ಗಂಟೆ ನೀರಿನ ಹೊರತು ಏನನ್ನೂ ಮುಟ್ಟದೆ ಬಂದವರು. ಏಕಾದಶಿಗಾದರೆ ಅವಲಕ್ಕಿ, ಬಾಳೆಹಣ್ಣುಗಳ ವಿನಾಯಿತಿ ಉಂಟು. ಈ ವ್ರತದಲ್ಲಿ ಅದೂ ಇಲ್ಲ. ಪಾರಣೆಗೆಂದು ಕೈಚೀಲದಲ್ಲಿ ಇಡ್ಲಿಯ ಡಬ್ಬಿ ಸಿದ್ಧವಿರುತ್ತದೆ. “ಏನೂ ತಗೊಂಡಿಲ್ಲ ತಾನೇ ಅಮ್ಮ?” ಎಂದು ತೋಳಿಗೆ ರಬ್ಬರ್ ಪಟ್ಟಿ ಬಿಗಿಯುತ್ತ ಹುಡುಗಿ ಕೇಳುತ್ತಾಳೆ. “ಏನೂ ಇಲ್ಲಮ್ಮ. ಅರ್ಧ ಲೋಟ ಕಾಫಿ, ಅಷ್ಟೆ. ಸಕ್ಕರೆ ಕಮ್ಮಿನೇ ಹಾಕಿದ್ದೆ.” ಕೇಳಿದವಳೂ ನಗುತ್ತಾಳೆ, ಹೇಳಿದವರೂ ನಗುತ್ತಾರೆ. ಕಾಫಿಯನ್ನು ಆಹಾರವೆಂದು ಎಣಿಸುವ ಮನೆ ನಮ್ಮಲ್ಲಿ ಯಾವುದಿದೆ?

ಲಿಪಿಡ್ ಪ್ರೊಫೈಲ್ ಎಂಬ ಪರೀಕ್ಷೆಯಲ್ಲಿ ಈ ಉಪವಾಸವನ್ನು ಬಯಸುವುದು ಮುಖ್ಯವಾಗಿ ಒಂದೇ ಸಾಲು, ಟ್ರೈಗ್ಲಿಸರೈಡ್. ಪಕ್ಕದ ಸಾಲಿನ ಕೊಲೆಸ್ಟ್ರಾಲ್ ಒಂದು ಊಟಕ್ಕೆ ಅಷ್ಟಾಗಿ ವಿಚಲಿತವಾಗುವುದಿಲ್ಲ. ಇದು ಹಾಗಲ್ಲ. ಗ್ಲಿಸರಾಲಿನ ಒಂದು ಅಣುವಿಗೆ ಮೂರು ಕೊಬ್ಬಿನಾಮ್ಲಗಳು ಕೂಡಿಕೊಂಡ ಈ ವಸ್ತುವೇ ತುಪ್ಪದಲ್ಲಿದೆ, ಕಡಲೆಕಾಯಿ ಎಣ್ಣೆಯಲ್ಲಿದೆ, ನಮ್ಮ ಸೊಂಟದ ಸುತ್ತಲೂ ಇದೆ. ಉಂಡ ಮೂರು ನಾಲ್ಕು ಗಂಟೆಗಳಲ್ಲಿ ಅದು ರಕ್ತದಲ್ಲಿ ಶಿಖರ ಮುಟ್ಟುತ್ತದೆ. ಆಗ ತೆಗೆದ ರಕ್ತವನ್ನು ಯಂತ್ರದಲ್ಲಿ ತಿರುಗಿಸಿದರೆ, ಮೇಲೆ ನಿಲ್ಲುವ ಹೊಂಬಣ್ಣದ ಸೀರಮ್ ಕೆಲವೊಮ್ಮೆ ಮಸುಕಾಗಿ ಬಿಳಿಚಿಕೊಂಡಿರುತ್ತದೆ. ಮಧ್ಯಾಹ್ನದ ಪಂಕ್ತಿಭೋಜನ ಸಂಜೆಯ ಗಾಜಿನ ನಳಿಕೆಯಲ್ಲಿ ಕಣ್ಣಿಗೇ ಕಾಣುತ್ತದೆ. ತುಪ್ಪ ಬಿಟ್ಟವರಿಗೂ ಈ ಅಂಕಿ ಏರುವುದುಂಟು. ಆಗ ಅವರಿಗೆ ಅನ್ಯಾಯವಾಯಿತೆಂದು ತೋರುವುದು ಸಹಜ. ಅಗತ್ಯ ಮೀರಿದ ಅನ್ನವನ್ನೂ ಸಕ್ಕರೆಯನ್ನೂ ಯಕೃತ್ತು ಕೊಬ್ಬಾಗಿಸಿ ರಕ್ತಕ್ಕೆ ಬಿಡುತ್ತದೆ, ಮದ್ಯ ಆ ಕೆಲಸವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಒಂದು ಗ್ರಾಂ ಪಿಷ್ಟದಲ್ಲಿ 4 ಕ್ಯಾಲೊರಿ, ಒಂದು ಗ್ರಾಂ ಕೊಬ್ಬಿನಲ್ಲಿ 9. ಬರಗಾಲಗಳನ್ನು ದಾಟಿ ಬಂದ ದೇಹ, ದೂರದ ಪಯಣಕ್ಕೆ ಹಗುರವಾದ ಬುತ್ತಿ ಕಟ್ಟುವುದನ್ನು ಕಲಿತಿದೆ. ಪಯಣ ನಿಂತಿದೆ, ಬುತ್ತಿ ಕಟ್ಟುವುದು ನಿಂತಿಲ್ಲ. ಅದರಲ್ಲಿ ದೇಹದ ತಪ್ಪೇನೂ ಕಾಣದು.

ನಮ್ಮನ್ನು ಚಿಂತನೆಗೆ ಹಚ್ಚುವುದು ಆ ಉಪವಾಸ. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ಸಂಜೆಯ ಕುರುಕಲು, ರಾತ್ರಿಯ ಅನ್ನ ಎಂದು ದಿನದ ಬಹುಭಾಗ ನಮ್ಮೊಳಗೆ ಹರಿಯುವುದು ಉಂಡ ರಕ್ತವೇ. ಉಪವಾಸದ ರಕ್ತ ನಸುಕಿನ ಕೆಲವು ತಾಸುಗಳದ್ದು. ಅಳೆಯುವುದು ಮಾತ್ರ ಆ ಕೆಲವು ತಾಸುಗಳನ್ನು. ಈ ವೈಚಿತ್ರ್ಯ ತಜ್ಞರನ್ನೂ ಕಾಡಿದೆ. ಡೆನ್ಮಾರ್ಕ್ 2009ರಲ್ಲೇ ಉಂಡ ರಕ್ತವನ್ನು ಒಪ್ಪಿಕೊಂಡಿತು. 2016ರಲ್ಲಿ ಯೂರೋಪಿನ ರಕ್ತನಾಳರೋಗ ತಜ್ಞರೂ ಪ್ರಯೋಗಾಲಯ ತಜ್ಞರೂ ಕೂಡಿ, ವಾಡಿಕೆಯ ಪರೀಕ್ಷೆಗೆ ಉಪವಾಸ ಅನಿವಾರ್ಯವಲ್ಲ ಎಂದರು. ಟ್ರೈಗ್ಲಿಸರೈಡಿನ ಮಿತಿ ಉಪವಾಸದವರಿಗೆ ಡೆಸಿಲೀಟರಿಗೆ 150 ಮಿಲಿಗ್ರಾಂ ಆದರೆ ಉಂಡವರಿಗೆ 175. ಉಂಡಾಗ 440 ದಾಟಿದರೆ, ಖಾಲಿ ಹೊಟ್ಟೆಯಲ್ಲಿ ಇನ್ನೊಮ್ಮೆ ನೋಡುವುದು ಲೇಸು. ನಮ್ಮಲ್ಲಿ ಇನ್ನೂ ಹಳೆಯ ರೂಢಿಯೇ ಹೆಚ್ಚು. ಅದಕ್ಕೂ ಕಾರಣವುಂಟು: ಸಕ್ಕರೆಯ ಪರೀಕ್ಷೆ ಜೊತೆಗೇ ಆಗಬೇಕು, ಅಂಕಿಗಳನ್ನು ಹೋಲಿಸಲು ಒಂದು ಸ್ಥಿರವಾದ ನೆಲೆಯೂ ಬೇಕು.

ಹಾಗಾದರೆ ಯಾವುದು ನಮ್ಮ ನಿಜಸ್ಥಿತಿ? ತಿಳಿಯಾದ ಮುಂಜಾವಿನದೋ, ಬಜ್ಜಿಯ ತಟ್ಟೆಯ ಮುಂದೆ ಕುಳಿತ ಸಂಜೆಯದೋ? ಇನ್ನೊಬ್ಬರನ್ನು ತೂಗುವಾಗ ನಾವು ಅವರ ಸಂಜೆಯನ್ನು ಹಿಡಿಯುತ್ತೇವೆ. ನಮ್ಮನ್ನು ತೂಗಿಕೊಳ್ಳುವಾಗ ನಮ್ಮ ಮುಂಜಾವನ್ನು ಮುಂದಿಡುತ್ತೇವೆ. ಪರೀಕ್ಷೆಗೆ ವಾರ ಮೊದಲೇ ಹೋಳಿಗೆ ಬಿಟ್ಟು ನಡಿಗೆ ಆರಂಭಿಸುವವರಲ್ಲಿ ವಂಚನೆಯ ಭಾವವಿಲ್ಲ. ಒಳ್ಳೆಯ ಸ್ಥಿತಿಯಲ್ಲಿ ಕಾಣಿಸಿಕೊಳ್ಳುವ ಆಸೆಯಿದೆ. ಆ ವಾರ ನಡೆದದ್ದೂ ನಿಜವಾದ ನಡಿಗೆಯೇ ಅಲ್ಲವೇ?

ಟ್ರೈಗ್ಲಿಸರೈಡಿನ ಸ್ಮೃತಿ ಅಲ್ಪ. ಎಚ್‌ಬಿಎ1ಸಿ ಎರಡು ಮೂರು ತಿಂಗಳ ಸಕ್ಕರೆಯನ್ನು ನೆನಪಿಡುತ್ತದೆ. ಇದಕ್ಕೆ ನೆನ್ನೆ ಮೊನ್ನೆಯ ನೆನಪಷ್ಟೆ. ರೋಗವೇನೂ ಇಲ್ಲದ ಒಬ್ಬರಲ್ಲೇ ಅದು ಒಂದು ವಾರದಿಂದ ಇನ್ನೊಂದು ವಾರಕ್ಕೆ ಐದನೇ ಒಂದು ಪಾಲಿನಷ್ಟು ಹೆಚ್ಚು ಕಡಿಮೆ ಆಗಬಲ್ಲದು. ಒಂದು ಸಂಜೆಯ ಬಿರುಸು ನಡಿಗೆಯಿಂದ ಮರುದಿನದ ಊಟದ ಕೊಬ್ಬು ರಕ್ತದಲ್ಲಿ ಕಡಿಮೆ ಏರುತ್ತದೆ. ನಡಿಗೆ ನಿಂತ ಕೆಲವೇ ದಿನಗಳಲ್ಲಿ ಆ ಫಲವೂ ಕರಗುತ್ತದೆ. ಮದುವೆಮನೆಯ ಪಾಪವೂ ಅಲ್ಪಾಯು, ವಾಕಿಂಗಿನ ಪುಣ್ಯವೂ ಅಲ್ಪಾಯು. ಹಾಗೆಂದು ಅಂಕಿ ಹುಸಿಯಲ್ಲ. ಅದು 500 ದಾಟಿ ಸಾವಿರದತ್ತ ಸಾಗಿದಾಗ ಮೇದೋಜೀರಕ ಗ್ರಂಥಿಯ ಉರಿಯೂತದ ಭಯವಿದೆ; ಅಲ್ಲಿ ತತ್ತ್ವಚಿಂತನೆಗೆ ಬಿಡುವಿಲ್ಲ, ಚಿಕಿತ್ಸೆಯೇ ಬೇಕು. ನಮ್ಮಲ್ಲಿ ಅನೇಕರು ನಿಂತಿರುವುದು 150ಕ್ಕೂ 500ಕ್ಕೂ ನಡುವಿನ ವಿಶಾಲ ಬಯಲಿನಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯೊಂದು 2014ರಲ್ಲಿ ಪ್ರಕಟವಾದಾಗ, ಪರೀಕ್ಷೆಗೊಳಗಾದ ಹತ್ತು ಜನರಲ್ಲಿ ಸುಮಾರು ಮೂವರಿಗೆ ಟ್ರೈಗ್ಲಿಸರೈಡ್ ಮಿತಿ ಮೀರಿತ್ತು. ಒಳ್ಳೆಯ ಕೊಲೆಸ್ಟ್ರಾಲ್ ಎನಿಸಿಕೊಂಡ ಎಚ್‌ಡಿಎಲ್, ಹತ್ತರಲ್ಲಿ ಏಳು ಮಂದಿಗೆ ಕಡಿಮೆಯಿತ್ತು. ನಮ್ಮ ರಿಪೋರ್ಟಿನಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾದ ಅಂಕಿ ನಮ್ಮೊಬ್ಬರದೇ ಏನಲ್ಲ.

ಅದಕ್ಕೇ ಅನುಭವಿ ವೈದ್ಯರು ಆ ಒಂದು ಸಾಲಿನಲ್ಲೇ ನಿಲ್ಲುವುದಿಲ್ಲ. ಎಚ್‌ಡಿಎಲ್ ನೋಡುತ್ತಾರೆ, ಸಕ್ಕರೆ ನೋಡುತ್ತಾರೆ, ಥೈರಾಯ್ಡ್ ವಿಚಾರಿಸುತ್ತಾರೆ, ತಂದೆತಾಯಿಯರ ಹೃದಯದ ಕಥೆ ಕೇಳುತ್ತಾರೆ. ನುಂಗುತ್ತಿರುವ ಮಾತ್ರೆಗಳ ಹೆಸರನ್ನೂ ಕೇಳುತ್ತಾರೆ, ಕೆಲವು ಔಷಧಿಗಳೂ ಇದನ್ನು ಏರಿಸಬಲ್ಲವು. ಆಮೇಲೆ ಕನ್ನಡಕ ತೆಗೆದು, “ಹಿಂದಿನ ದಿನ ಏನಾದ್ರೂ ಫಂಕ್ಷನ್ ಇತ್ತಾ?” ಎನ್ನುತ್ತಾರೆ. ಇದ್ದೇ ಇರುತ್ತದೆ. “ಸರಿ. ಸ್ವಲ್ಪ ಅನ್ನ ಕಮ್ಮಿ ಮಾಡಿ, ದಿನಾ ನಡೀರಿ. ಎರಡು ತಿಂಗಳು ಬಿಟ್ಟು ಇನ್ನೊಂದ್ಸಲ ಮಾಡ್ಸಿ, ನೋಡೋಣ.” ನಾವು ವಿಧೇಯರಾಗಿ ತಲೆಯಾಡಿಸುತ್ತೇವೆ. ಆ ಎರಡು ತಿಂಗಳೊಳಗೆ ಗೌರಿ-ಗಣೇಶ ಹಬ್ಬವೂ ಇದೆ, ತಂಗಿಯ ಮಗಳ ಸೀಮಂತವೂ ಇದೆ.