ಎರಡು ಹನಿ ಯಾರಿಗಾಗಿ?

ಪಲ್ಸ್ ಪೋಲಿಯೋ ಭಾನುವಾರದಂದು ಬೂತಿಗೆ ಬಾರದ ಮಕ್ಕಳನ್ನು ಹುಡುಕಿಕೊಂಡು ಮರುದಿನದಿಂದ ಸ್ವಯಂಸೇವಕರು ಮನೆ ಮನೆಗೆ ಹೊರಡುತ್ತಾರೆ. ಹೆಗಲಿಗೆ ಐಸ್ ಇಟ್ಟ ಲಸಿಕೆಯ ಡಬ್ಬಿ, ಕೈಯಲ್ಲಿ ಸೀಮೆಸುಣ್ಣ, ಮಗುವಿನ ಎಡಗೈ ಕಿರುಬೆರಳಿಗೆ ಗುರುತು ಹಾಕಲು ಒಂದು ಪೆನ್ನು. ಕೆಲವು ಬಾಗಿಲುಗಳಲ್ಲಿ ಅವರಿಗೆ ಸಿಗುವ ಉತ್ತರ ಇದು: "ನಮ್ಮ ಮಗುವಿಗೆ ಆಸ್ಪತ್ರೆಯಲ್ಲೇ ಎಲ್ಲ ಹಾಕಿಸಿದ್ದೀವಿ ಅಕ್ಕಾ. ಪೋಲಿಯೋ ಹೋಗಿ ಎಷ್ಟೋ ವರ್ಷ ಆಯ್ತಲ್ಲ, ಇನ್ನೂ ಯಾಕೆ?"

ಇದನ್ನು ತಿಳಿಗೇಡಿತನವೆಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ತಾಯಿಯ ಮೊದಲ ಹೊಣೆ ತನ್ನ ಮಗು. ಊರಿನ ಮಕ್ಕಳಿಗಾಗಿ ತನ್ನ ಮಗುವಿನ ಬಾಯಿ ತೆರೆಸಬೇಕೇ ಎಂದು ಕೇಳುವ ಹಕ್ಕು ಅವಳಿಗಿದೆ.

ಆದರೆ ಈ ರೋಗದ ರೀತಿಯೇ ಬೇರೆ. ವೈರಾಣು ಹೊಕ್ಕ ಸುಮಾರು 200 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಅಂಗ ಊನವಾಗುತ್ತದೆ. ಉಳಿದ ಬಹುಪಾಲು ಮಕ್ಕಳು ಎಂದಿನಂತೆ ಆಡಿಕೊಂಡಿರುತ್ತಾರೆ. ಅವರ ಮಲದ ಮೂಲಕ ವೈರಾಣು ಪಕ್ಕದ ಬೀದಿ ಸೇರಿರುತ್ತದೆ. ನಮ್ಮ ಮಗು, ಅವರ ಮಗು ಎಂಬ ಗೆರೆ ಇಲ್ಲಿ ಹೊಸಿಲಿನಲ್ಲಿ ನಿಲ್ಲುವುದಿಲ್ಲ. ಬಾಯಿಗೆ ಹಾಕುವ ಹನಿ ಕರುಳಿನಲ್ಲೇ ತಡೆ ಒಡ್ಡುವುದರಿಂದ ನೆರೆಮನೆಯ ಕೂಸಿಗೂ ಕಾವಲಾಗುತ್ತದೆ.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಆ ಹನಿಯಲ್ಲಿರುವುದು ಬಲಗುಂದಿಸಿದ ಜೀವಂತ ವೈರಾಣು. ಮೊದಲ ಸಲ ಹನಿ ಪಡೆಯುವ ಸುಮಾರು 27 ಲಕ್ಷ ಮಕ್ಕಳಲ್ಲಿ ಒಬ್ಬರಿಗೆ ಅದರಿಂದಲೇ ಅಂಗ ಊನವಾಗುವುದುಂಟು. ಆ ಒಂದು ಮನೆಯವರಿಗೆ ಅದು ಬರೀ ಲೆಕ್ಕವಲ್ಲ. ಇಂಥ ಅಪಾಯವನ್ನು ಇನ್ನಷ್ಟು ತಗ್ಗಿಸಲೆಂದೇ ನಮ್ಮ ದೇಶದಲ್ಲಿ 2015ರ ಕೊನೆಯಲ್ಲಿ ಪೋಲಿಯೋ ಚುಚ್ಚುಮದ್ದನ್ನೂ ಸೇರಿಸಿದರು; 2016ರ ಏಪ್ರಿಲಿನಲ್ಲಿ ಹನಿಯ ಮೂರು ಬಗೆಯ ವೈರಾಣುಗಳಲ್ಲಿ ಎರಡನೆಯದನ್ನು ತೆಗೆದರು. ತಾಯಿಯೊಬ್ಬಳು ಕೇಳಿದರೆ ಸ್ವಯಂಸೇವಕಿ ಇದನ್ನು ಹೇಳಬೇಕೇ? ಹೇಳಲೇಬೇಕು ಎಂಬುದು ನನ್ನ ಅಭಿಪ್ರಾಯ. ಒಳ್ಳೆಯ ಕೆಲಸಕ್ಕಾಗಿ ಅರ್ಧ ಸತ್ಯ ನುಡಿದರೆ ಉಳಿದರ್ಧವನ್ನು ವದಂತಿ ತುಂಬುತ್ತದೆ.

ಉತ್ತರ ಪ್ರದೇಶದಲ್ಲಿ ಅದು ಆಗಿಯೇ ಇತ್ತು. ಹನಿ ಹಾಕಿಸಿದರೆ ಮುಂದೆ ಮಕ್ಕಳಾಗುವುದಿಲ್ಲವೆಂಬ ಸುದ್ದಿ ಹಬ್ಬಿ ಎಷ್ಟೋ ಮನೆಗಳ ಬಾಗಿಲು ಮುಚ್ಚಿದವು. ಅವನ್ನು ತೆರೆಸಲು ನೆರವಾದವರು ಅದೇ ಮೊಹಲ್ಲಾದ ಹೆಂಗಸರು, ಮಸೀದಿಯ ಇಮಾಮರು. ಗದರಿಸಿದ್ದರೆ ಆಗುತ್ತಿರಲಿಲ್ಲ. 2009ರಲ್ಲಿ ದೇಶದಲ್ಲಿ 741 ಮಂದಿಗೆ ಪೋಲಿಯೋ ತಗುಲಿತ್ತು, ಮರುವರ್ಷ 42. ಹೌರಾದ ಹೆಣ್ಣುಮಗುವೊಂದಕ್ಕೆ 2011ರ ಜನವರಿಯಲ್ಲಿ ಬಂದದ್ದೇ ಇಲ್ಲಿನ ಕಾಡು ವೈರಾಣುವಿನ ಕೊನೆಯ ಪ್ರಕರಣ. 2014ರ ಮಾರ್ಚ್ 27ರಂದು ಭಾರತ ಪೋಲಿಯೋಮುಕ್ತವೆಂಬ ಪ್ರಮಾಣಪತ್ರ ದೊರೆಯಿತು.

ಹಾಗಾದರೆ ಇನ್ನೂ ಯಾಕೆ? ಪಾಕಿಸ್ತಾನ, ಅಫಘಾನಿಸ್ತಾನಗಳಲ್ಲಿ ಆ ವೈರಾಣು ಇನ್ನೂ ಇದೆ. ಗಡಿಯಲ್ಲಿ ಅದನ್ನು ತಡೆದು ನಿಲ್ಲಿಸುವವರಿಲ್ಲ. ಪಾಕಿಸ್ತಾನದಲ್ಲಿ ಹನಿ ಹಾಕಲು ಹೋದ ಹೆಣ್ಣುಮಕ್ಕಳನ್ನು 2012ರ ಡಿಸೆಂಬರಿನಲ್ಲಿ ಗುಂಡಿಟ್ಟು ಕೊಂದರು. ಆ ಬಳಿಕವೂ ಅಲ್ಲಿ ಬೇರೆ ಹೆಣ್ಣುಮಕ್ಕಳು ಡಬ್ಬಿ ಹೊತ್ತು ಹೊರಟರು. ನಾವೋ, ಬಿಸಿಲಲ್ಲಿ ಬಂದವರಿಗೆ ಒಂದು ಲೋಟ ನೀರು ಕೊಡುವುದನ್ನೂ ಮರೆಯುತ್ತೇವೆ.

ಹನಿ ಬಾಕಿ ಉಳಿದ ಮನೆಯ ಗೋಡೆಗೆ 'ಎಕ್ಸ್' ಎಂದು ಬರೆಯುವುದು ಕ್ರಮ. ನಮ್ಮ ಬೀದಿಯ ಅಂಗನವಾಡಿ ಟೀಚರ್ ಅಂಥ ಒಂದು ಮನೆಗೆ ಮೂರನೆಯ ದಿನವೂ ಹೋದರು. ಆ ದಿನ ಡಬ್ಬಿ ಕೆಳಗಿಟ್ಟು ಜಗಲಿಯ ಮೇಲೆ ಕೂತು, ಬಾಣಂತಿಯ ಅತ್ತೆ ಕೇಳಿದ್ದಕ್ಕೆಲ್ಲ ಉತ್ತರ ಹೇಳಿದರು. ಏಳುವಾಗ 'ಎಕ್ಸ್' ಅಳಿಸಿ 'ಪಿ' ಎಂದು ಬರೆದರು.