ವಾಸಿಯಾಗದ ಮುಳ್ಳು

ಓದತಕ್ಕ ಭಾಗ: 2 ಕೊರಿಂಥ 12:7-10, ಯೋಹಾನ 9:1-3



ಅಪೊಸ್ತಲನಾದ ಪೌಲನ ಶರೀರದಲ್ಲಿ ಒಂದು ಮುಳ್ಳಿತ್ತು. ಅದನ್ನು ತೆಗೆಯಬೇಕೆಂದು ಅವನು ಮೂರು ಸಾರಿ ಕರ್ತನನ್ನು ಬೇಡಿಕೊಂಡನು. ಮುಳ್ಳು ಹೋಗಲಿಲ್ಲ; ಅದನ್ನು ತಾಳುವದಕ್ಕೆ ಕೃಪೆಯು ದೊರಕಿತು. ಅದು ಯಾವ ಬಾಧೆಯೆಂದು ಪೌಲನು ಹೇಳಲಿಲ್ಲ. ಆದದರಿಂದ ವಾಸಿಯಾಗದ ನೋವುಳ್ಳವರೆಲ್ಲರೂ ಅವನ ಪಕ್ಕದಲ್ಲಿ ಕೂತುಕೊಳ್ಳಬಹುದು.

ನನ್ನ ವಿಚಾರಣೆಗೆ ಒಳಗಾದ ಒಂದು ಸಭೆಯಲ್ಲಿ ಅಂಥ ಸಹೋದರನೊಬ್ಬನಿದ್ದಾನೆ. ಉಂಡ ಮೇಲೆ ಅವನ ಮೇಲ್ಹೊಟ್ಟೆಯಲ್ಲಿ ನೋವು ಎದ್ದು ಬೆನ್ನಿಗೆ ಇರಿಯುವದು. ಆರಾಧನೆಯ ನಡುವೆಯೇ ಮೊಣಕಾಲಿನ ಮೇಲೆ ಬಾಗಿ ಕೂತುಕೊಳ್ಳುವನು. ಮುಂಜಾನೆ ಬೆರಳ ಕೀಲುಗಳು ಊದಿ ಬಿಗಿದು ಕುಡುಗೋಲು ಹಿಡಿಯಲಾರನು. ವರುಷ ವರುಷಕ್ಕೆ ಮೈ ಸೊರಗಿತು. ಗುಟ್ಟಾಗಿ ಕುಡಿಯುತ್ತಾನೆಂದು ಊರವರು ಆಡಿಕೊಂಡರು. ನಾನೂ ಅದನ್ನು ನಂಬಿ, ಒಂದು ರಾತ್ರಿ ಅವನ ಮನೆಗೆ ಹೋಗಿ, ಮರೆಮಾಡಿದ ಪಾಪವನ್ನು ಒಪ್ಪಿಕೊಂಡರೆ ದೇವರು ಗುಣಮಾಡುವನೆಂದು ಬೋಧಿಸಿದೆನು. ಅವನು ಬಹಳ ಹೊತ್ತು ಸುಮ್ಮನಿದ್ದು, "ಉಪದೇಶಿಯವರೇ, ಮಾಡದ ಪಾಪವನ್ನು ಒಪ್ಪಿಕೊಂಡರೆ ನೋವು ಹೋಗುವದೋ?" ಎಂದು ಕೇಳಿದನು. ಮುಂದಿನ ಮೂರು ಭಾನುವಾರ ಅವನು ಆರಾಧನೆಗೆ ಬರಲಿಲ್ಲ.

ಆ ಮೇಲೆ ನಾನು ಅವನೊಂದಿಗೆ ಆಸ್ಪತ್ರೆಗೆ ಹೋದೆನು. ವೈದ್ಯರು ನಮಗೆ ತಿಳಿಸಿದ್ದೇನಂದರೆ: ಜಠರದ ಹಿಂದೆ, ಬೆನ್ನೆಲುಬಿನ ಮುಂದೆ, ಗೇಣುದ್ದಕ್ಕಿಂತ ಚಿಕ್ಕದಾದ ಮೇದೋಜೀರಕ ಗ್ರಂಥಿ ಇರುತ್ತದೆ. ಅದಕ್ಕೆ ಎರಡು ಕೆಲಸಗಳುಂಟು. ಅನ್ನವನ್ನು, ವಿಶೇಷವಾಗಿ ಜಿಡ್ಡನ್ನು, ಕರಗಿಸುವ ರಸವನ್ನು ಕೊಡುವದು ಒಂದು, ರಕ್ತದಲ್ಲಿನ ಸಕ್ಕರೆಯನ್ನು ಅಂಕೆಯಲ್ಲಿಡುವ ಇನ್ಸುಲಿನನ್ನು ಕೊಡುವದು ಇನ್ನೊಂದು. ಈ ಗ್ರಂಥಿಯು ಬಹುಕಾಲ ಉರಿಯೂತಕ್ಕೆ ಒಳಗಾದರೆ ಗಾಯದ ಕಲೆಯಂತೆ ಗಡುಸಾಗುವದು. ಆಗ ಉಂಡದ್ದು ಮೈಗೆ ಹತ್ತದು. ಅನೇಕರಿಗೆ ಮಧುಮೇಹವೂ ಬರುವದು. ಕಲೆಯಾದ ಭಾಗವು ಮತ್ತೆ ಮೊದಲಿನಂತಾಗದು.

ಮದ್ಯಪಾನವೂ ಧೂಮಪಾನವೂ ಇದಕ್ಕೆ ದೊಡ್ಡ ಕಾರಣಗಳೆಂಬುದು ನಿಜವೇ. ಆದರೆ ಅವೇ ಕಾರಣಗಳಲ್ಲ. ಕುಡಿಯದ ಎಳೆಯರಿಗೂ ಈ ರೋಗ ಬರುವದನ್ನು 1959ರಲ್ಲಿ ಸುಯಿಡೆಮಾ ಎಂಬ ವೈದ್ಯರು ಇಂಡೋನೇಷ್ಯಾದಿಂದ ಬರೆದು ತಿಳಿಸಿದರು. ನೆರೆಯ ಕೇರಳದಲ್ಲಿ ಗೀವರ್ಗೀಸ್ ಎಂಬ ವೈದ್ಯರು ಅಂಥ ಅನೇಕರನ್ನು ಪರೀಕ್ಷಿಸಿದರು. ಹುಟ್ಟಿನಿಂದ ಬಂದ ಗುಣವೂ ಕೆಲವರಲ್ಲಿ ಕಾರಣವಾಗುವದು. ಇನ್ನು ಕೆಲವರಲ್ಲಿ ಶರೀರವನ್ನು ಕಾಯತಕ್ಕ ರಕ್ಷಣಾಶಕ್ತಿಯೇ ದಾರಿತಪ್ಪಿ, ಪಟ್ಟಣದ ಕಾವಲುಗಾರರು ಪಟ್ಟಣದವರ ಮೇಲೆಯೇ ಬಿದ್ದ ಹಾಗೆ, ಸ್ವಂತ ಅಂಗಗಳನ್ನು ಹೊಡೆಯುವದು. ಈ ವಿಧವಾದ ಮೇದೋಜೀರಕ ರೋಗಕ್ಕೆ 1995ರಲ್ಲಿ ಜಪಾನಿನ ವೈದ್ಯರು ಪ್ರತ್ಯೇಕ ಹೆಸರಿಟ್ಟರು. ಹೀಗೆ ಒಂದು ಅಂಗಕ್ಕೆ ಬಾಧೆಯಾದವನಿಗೆ ಕೀಲು, ಥೈರಾಯಿಡ್ ಗ್ರಂಥಿ, ಕರುಳು ಮೊದಲಾದವುಗಳಲ್ಲಿಯೂ ಬಾಧೆ ಉಂಟಾಗಬಹುದು. ನಮ್ಮ ಸಹೋದರನ ಊದಿದ ಬೆರಳುಗಳು ಅದೇ ತರದವೆಂದು ವೈದ್ಯರು ಹೇಳಿದಾಗ ನಾನು ತಲೆ ತಗ್ಗಿಸಿದೆನು.

ಯೋಬನ ಸ್ನೇಹಿತರು ಏಳು ದಿವಸ ಅವನೊಂದಿಗೆ ನೆಲದ ಮೇಲೆ ಮೌನವಾಗಿ ಕೂತಿದ್ದರು. ಅಷ್ಟರ ವರೆಗೆ ಅವರು ಒಳ್ಳೇ ಸ್ನೇಹಿತರೇ. ಬಾಯಿ ತೆರೆದು ಅವನ ಪಾಪವನ್ನು ಹುಡುಕತೊಡಗಿದ ಮೇಲೆ ಭಾರವಾದರು. ಹುಟ್ಟುಕುರುಡನನ್ನು ಕಂಡ ಶಿಷ್ಯರು ಯಾರು ಪಾಪ ಮಾಡಿದರೆಂದು ಕೇಳಿದಾಗ, ಇವನೂ ಅಲ್ಲ, ಇವನ ತಂದೆತಾಯಿಗಳೂ ಅಲ್ಲವೆಂದು ಕರ್ತನು ತಿಳಿಸಿದನು. ನಾನಾದರೋ ಇದನ್ನು ಸೆಮಿನೆರಿಯಲ್ಲಿ ಕಲಿತಿದ್ದೆನು, ಆ ಗುಡಿಸಲಲ್ಲಿ ಮರೆತೆನು.

ಪ್ರಿಯರೇ, ಮದ್ದನ್ನು ಬಿಟ್ಟರೇ ನಂಬಿಕೆ ಎಂದು ಯಾರಾದರೂ ಬೋಧಿಸಿದರೆ ಕಿವಿಗೊಡಬೇಡಿರಿ. ಪೌಲನ ಜೊತೆಯವನಾದ ಲೂಕನು ವೈದ್ಯನಷ್ಟೆ. ಜೀರ್ಣರಸದ ಗುಳಿಗೆಗಳನ್ನು ಬರೆದುಕೊಟ್ಟಿದ್ದರೆ ಉಣ್ಣುವಾಗಲೇ ಅನ್ನದೊಂದಿಗೆ ತೆಗೆದುಕೊಳ್ಳತಕ್ಕದ್ದು. ಸ್ವಲ್ಪ ಸ್ವಲ್ಪವಾಗಿ ಹಲವು ಸಾರಿ ಉಣ್ಣುವದು ಅನೇಕರಿಗೆ ಹಿತ. ಕಾರಣ ಯಾವದಾದರೂ ಆಗಲಿ, ಮದ್ಯವನ್ನೂ ಹೊಗೆಸೊಪ್ಪನ್ನೂ ಪೂರ್ತಿಯಾಗಿ ಬಿಡಬೇಕು. ಸ್ಟೀರಾಯಿಡ್ ಔಷಧವನ್ನು ಬಹುದಿನ ತೆಗೆದುಕೊಂಡವನು ತಾನಾಗಿ ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ರಕ್ಷಣಾಶಕ್ತಿಯನ್ನು ತಗ್ಗಿಸುವ ಮದ್ದು ತಿನ್ನುವವನಿಗೆ ಜ್ವರ ಬಂದರೆ ತಡಮಾಡದೆ ವೈದ್ಯರ ಬಳಿಗೆ ಕರಕೊಂಡು ಹೋಗಿರಿ.

ಸಭೆಯವರಿಗೂ ಕೆಲಸವುಂಟು. ಮದುವೆಯೂಟದಲ್ಲಿ ಅಂಥವನನ್ನು ಬಲವಂತಮಾಡಬೇಡಿರಿ. ನಿನ್ನೆ ಗದ್ದೆಗೆ ಬಂದವನು ಈ ದಿನ ಮಲಗಿದರೆ ಸೋಮಾರಿಯೆನ್ನಬೇಡಿರಿ. ಈ ನೋವು ಹೇಳಿ ಕೇಳಿ ಬರುವಂಥದಲ್ಲ. ಕೊಯಿಲಿನಲ್ಲಿ ಅವನ ಪಾಲಿನ ಕೆಲಸಕ್ಕೆ ನಾಲ್ಕು ಕೈಗಳನ್ನು ಕೂಡಿಸಿರಿ. ಇನ್ನೂ ವಾಸಿಯಾಗಲಿಲ್ಲವೋ ಎಂದು ವಾರವಾರಕ್ಕೆ ಕೇಳಿ ಅವನ ನಂಬಿಕೆಯನ್ನು ತೂಗಬೇಡಿರಿ.

ನಾನು ಸಭೆಯ ಮುಂದೆ ಆ ಸಹೋದರನ ಕ್ಷಮೆಯನ್ನು ಬೇಡಿದೆನು. ಅವನು ಎದ್ದು ಬಂದು ನನ್ನ ಕೈ ಹಿಡಿದನು. ಆ ಕೈ ಆಗಲೂ ಊದಿತ್ತು. ಈಗ ಹಿರಿಯರು ಬಾಗಿಲ ಬಳಿಯಲ್ಲಿ ಅವನಿಗಾಗಿ ಒರಗುವ ಕುರ್ಚಿಯನ್ನಿಟ್ಟಿದ್ದಾರೆ. ನೋವು ಬಂದಾಗ ಹೊರಗೆ ಹೋಗುವನು, ತಗ್ಗಿದಾಗ ಒಳಗೆ ಬರುವನು. ಯಾರೂ ತಿರುಗಿ ನೋಡುವದಿಲ್ಲ. ಅವನ ಮುಳ್ಳು ಇನ್ನೂ ಹೋಗಲಿಲ್ಲ. ಅದರ ಮೇಲೆ ನಾನಿಟ್ಟಿದ್ದ ಕಲ್ಲು ಮಾತ್ರ ಹೋಯಿತು. ನಿಮ್ಮ ನಿಮ್ಮ ಊರಿನಲ್ಲಿ ಯಾರ ಮೇಲೆ ಅಂಥ ಕಲ್ಲಿದೆಯೆಂದು ನೋಡಿರಿ. ಅದನ್ನು ಎತ್ತುವ ಬಲವನ್ನು ಕರ್ತನು ನಮಗೆಲ್ಲರಿಗೂ ದಯಪಾಲಿಸಲಿ. ಆಮೆನ್.